ಲಂಗರಿನ ಅಂಗಿ, ಲಾಡಿಯ ಪೈಜಾಮ

ಬಟ್ಟೆ ಅಂಗಡಿ ಇಟ್ಟವನಿಗೆ ಬಟ್ಟೆಯ ಮೇಲೆ ಮೋಹ ಇರಬಾರದು. ನಮ್ಮ ಪಕ್ಕದ ಮಿಠಾಯಿ ಅಂಗಡಿಯವರು ಜಿಲೇಬಿಯನ್ನು ಮುಟ್ಟುವುದಿಲ್ಲ, ಎದುರಿನ ಔಷಧಿ ಅಂಗಡಿಯವರು ತಲೆ ನೋವು ಬಂದರೆ ಶುಂಠಿ ಕಷಾಯ ಕುಡಿಯುತ್ತಾರೆ. ಅವರಿಬ್ಬರೂ ಸುಖವಾಗಿದ್ದಾರೆ. ನಾನು ಮಾತ್ರ ಜೇವರ್ಗಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಇಷ್ಟು ವರ್ಷ ಧೋತರ, ಸೀರೆ, ಟವೆಲ್ಲು ಮಾರಿಯೂ, ಹೊಸ ನಮೂನೆಯ ಬಟ್ಟೆ ಕಂಡರೆ ಮದುವೆ ಮನೆಯಲ್ಲಿ ಹೋಳಿಗೆ ಕಂಡವನಂತೆ ಆಗಿಬಿಡುತ್ತೇನೆ.

ಹೋದ ವರ್ಷ ಬೇಸಿಗೆಗೆ ಮುಂಚೆ ಖರೀದಿಗೆಂದು ಸೊಲ್ಲಾಪುರಕ್ಕೆ ಹೋಗಿದ್ದೆ. ತರಬೇಕಾದದ್ದು ಟವೆಲ್ಲು ಮತ್ತು ಲುಂಗಿ. ಆದರೆ ಆ ಹೋಲ್‌ಸೇಲ್ ಅಂಗಡಿಯ ಗೋಡೆಯ ಮೇಲೆ ಒಂದು ದೊಡ್ಡ ಚಿತ್ರವಿತ್ತು. ಸಮುದ್ರದ ದಂಡೆಯಲ್ಲಿ ಒಬ್ಬ ಮನುಷ್ಯ ಕಾಲು ಚಾಚಿ ಕುಳಿತಿದ್ದಾನೆ. ಮರಳಿನ ಬಣ್ಣದ ಸಡಿಲ ಪೈಜಾಮ, ತಿಳಿ ನೀಲಿ ಅಂಗಿ, ಅದರ ಮೇಲೆ ತೆಂಗಿನ ಗಿಡ, ದೋಣಿ, ಲಂಗರು. ಬಟ್ಟೆಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವನ ಮುಖ. ಆ ಮುಖದ ಮನುಷ್ಯನಿಗೆ ಜಿಎಸ್‌ಟಿ ಇದ್ದಂತೆ ಕಾಣಲಿಲ್ಲ. ನಾನು ನೋಡುತ್ತಿದ್ದುದನ್ನು ವ್ಯಾಪಾರಿ ನೋಡಿದ. "ಬೇಸಿಗೆಯಲ್ಲಿ ಗಾಳಿ ಆಡುತ್ತದೆ, ಮಳೆಗಾಲದಲ್ಲಿ ಬೇಗ ಒಣಗುತ್ತದೆ, ಚಳಿಗಾಲದಲ್ಲಿ ಮೇಲೊಂದು ಸ್ವೆಟರು ಹಾಕಿದರಾಯಿತು. ವರ್ಷವಿಡೀ ಹೋಗುವ ಮಾಲು," ಎಂದ. ಟವೆಲ್ಲು, ಲುಂಗಿಯ ಜಾಗದಲ್ಲಿ ಸಮುದ್ರವನ್ನೇ ಗಂಟು ಕಟ್ಟಿಸಿಕೊಂಡು ಬಂದೆ.

ನನ್ನ ಹೆಂಡತಿ ಮಹಾದೇವಿ ಅಂಗಡಿಯಲ್ಲಿ ನನ್ನ ಜೊತೆಗೇ ಕೂರುತ್ತಾಳೆ. ಗಂಟು ಬಿಚ್ಚಿ ಒಂದು ಪೈಜಾಮ ಎತ್ತಿ ಹಿಡಿದಳು.

"ಏನ್ರಿ ಇದು, ದವಾಖಾನಿ ಮಂದಿಗಿ ಹೊಲಿಸಿದ್ದು ತಂದೀರೇನು?"

"ಕಡಲ ದಂಡಿ ಸ್ಟೈಲು. ಹನ್ನೆರಡೂ ತಿಂಗಳು ಹಾಕಬಹುದು."

"ಜೇವರ್ಗಿದಾಗ ಕಡಲ ಎಲ್ಲೈತ್ರಿ? ಬ್ಯಾಸಗ್ಯಾಗ ಭೀಮಾ ಹೊಳ್ಯಾಗೇ ನೀರ ಇರಂಗಿಲ್ಲ."

ಕೊನೆಗೆ ಒಂದು ಮಾತು ಹೇಳಿದಳು: ಮಾಘ ಮಾಸದ ಮದುವೆ ಸೀರೆಗಳು ಬರುವುದರೊಳಗೆ ಈ ರ‍್ಯಾಕು ಖಾಲಿಯಾಗಬೇಕು. ಇಲ್ಲವಾದರೆ ಇನ್ನು ಮುಂದೆ ಖರೀದಿಗೆ ಅವಳ ತಮ್ಮ ಹೋಗುತ್ತಾನೆ. ನನ್ನ ಭಾವಮೈದುನ ಒಳ್ಳೆಯವನೇ. ಆದರೆ ಅವನಿಗೆ ಗೊತ್ತಿರುವ ಬಣ್ಣಗಳು ಮೂರೇ, ಅದರಲ್ಲಿ ಎರಡು ಕಂದು. ಅವನ ಕೈಗೆ ಅಪ್ಪ ಇಟ್ಟ ಅಂಗಡಿ ಹೋಗುವುದನ್ನು ನೆನೆದರೆ ನನಗೆ ಊಟ ಸೇರುತ್ತಿರಲಿಲ್ಲ.

ಗಿರಾಕಿಗಳಿಗೆ ತೋರಿಸಲೆಂದು ನಾನೇ ಒಂದು ಜೊತೆ ಹಾಕಿಕೊಳ್ಳಲು ಶುರು ಮಾಡಿದೆ. ಬೇಸಿಗೆಯಲ್ಲಿ ಸ್ವರ್ಗ. ನಮ್ಮ ಬಿಸಿಲು ಗೊತ್ತಲ್ಲ, ಮಧ್ಯಾಹ್ನ ಬೀದಿಯ ನಾಯಿ ಕೂಡ ಅಂಗಡಿಯೊಳಗೆ ಬಂದು ಗಿರಾಕಿಯಂತೆ ಮಲಗುತ್ತದೆ. ಅಂಥ ಸೆಕೆಯಲ್ಲಿ ಬೆಲ್ಟಿನ ಹಂಗಿಲ್ಲದೆ ನನ್ನ ಹೊಟ್ಟೆ ಮೊದಲ ಸಲ ತನ್ನ ಪೂರ್ತಿ ಅಳತೆಗೆ ಕುಳಿತಿತು. ಜನ ಬಂದು ನೋಡಿದರು, ಮುಟ್ಟಿದರು, ಲಂಗರಿನ ಚಿತ್ರ ತೋರಿಸಿ "ಇದು ಯಾವ ಕಂಪನಿ ಕುಂಟಿ ಅದರಿ?" ಎಂದು ಕೇಳಿದರು. ಹೊಲ ಹರಗುವ ಕುಂಟೆ ಬಿಟ್ಟರೆ ಅಂಥ ಆಕಾರ ಅವರೆಲ್ಲಿ ನೋಡಬೇಕು? ಆಮೇಲೆ ಒಂದು ಟವೆಲ್ಲು ಕೇಳಿದರು. ಟವೆಲ್ಲು ನನ್ನಲ್ಲಿ ಇರಲಿಲ್ಲ.

ಮಳೆಗಾಲ ಬಂತು. ನಮ್ಮದು ಎರೆ ಮಣ್ಣು, ಚಪ್ಪಲಿಯನ್ನು ಹಿಡಿದರೆ ಬಿಡುವುದಿಲ್ಲ. ಬಸ್ ಸ್ಟ್ಯಾಂಡು ದಾಟುವಷ್ಟರಲ್ಲಿ ನನ್ನ ಮರಳಿನ ಬಣ್ಣದ ಪೈಜಾಮ ಮೊಣಕಾಲಿನವರೆಗೆ ಕಪ್ಪಾಗುತ್ತಿತ್ತು. ಚಳಿಗಾಲದಲ್ಲಿ ಗಾಳಿ ಕೆಳಗಿನಿಂದ ಹೊಕ್ಕು ಕಾಲರಿನಿಂದ ಹೊರಗೆ ಬರುತ್ತಿತ್ತು. ತೆಂಗಿನ ಗಿಡಗಳ ಮೇಲೆ ಕಂಬಳಿ ಹೊದ್ದು ಕೂರುತ್ತಿದ್ದೆ. ಆಳಂದದಲ್ಲಿ ಅಂಗಡಿ ಇಟ್ಟಿರುವ ಗೆಳೆಯನಿಗೆ ಅರ್ಧ ಮಾಲು ಕಳಿಸಿ ನೋಡಿದೆ. ಅವನು ಮುಂದಿನ ವಾರವೇ ವಾಪಸು ಕಳಿಸಿ ಫೋನು ಮಾಡಿದ: "ನಮ್ಮಲ್ಲಿ ಬೆಳೆಯೋದು ತೊಗರಿಪ್ಪಾ, ತೆಂಗಲ್ಲ."

ಎಳ್ಳ ಅಮಾವಾಸ್ಯೆ ಮುಗಿಯಿತು, ಮಾಘಕ್ಕೆ ಉಳಿದದ್ದು ಒಂದೇ ತಿಂಗಳು. ಭಾವಮೈದುನ ಎರಡು ಸಲ ಅಂಗಡಿಗೆ ಬಂದು, ರ‍್ಯಾಕಿನ ಉದ್ದವನ್ನು ಕಣ್ಣಲ್ಲೇ ಅಳೆದು, ಚಹಾ ಕುಡಿದು ಹೋದ. ಆ ದಿನಗಳಲ್ಲೇ ಒಂದು ಬೆಳಿಗ್ಗೆ ಇಜೇರಿಯ ಗೌಡರು ಮತ್ತು ಅವರ ಹೆಂಡತಿ ಗುರಮ್ಮನವರು ಬಂದರು. ಗೌಡರು ಎಪ್ಪತ್ತು ದಾಟಿದ ಗಂಭೀರ ಮನುಷ್ಯ. ಇಸ್ತ್ರಿ ಮಾಡಿದ ಧೋತರ, ರುಮಾಲು, ದೊಡ್ಡ ಮೀಸೆ. ಗುರಮ್ಮನವರು ಕೂರುವ ಮೊದಲೇ ಶುರು ಮಾಡಿದರು.

"ನಮ್ಮ ಗೌಡ್ರಿಗಿ ಗಟ್ಟಿ ಕಟ್ಟಗೊಳ್ಳೋದು ಏನರ ಐತೇನ್ರಿ? ಹ್ವಾದ ವರ್ಷ ಊರ ಮಂದಿ ಕೂಡಿ ಬಸ್ ಮಾಡಕೊಂಡು ಮುರುಡೇಶ್ವರಕ್ಕ ಹೋಗಿದ್ವಿ. ಇವ್ರು ಸಮುದ್ರದಾಗ ಮೊಣಕಾಲತನಕ ನಿಂತಿದ್ರು. ಒಂದ್ ತೆರಿ ಬಂತು. ತೆರಿ ಹೋತು. ಅದರ ಹಿಂದ ಧೋತರಾನೂ ಹೋತು."

ಗೌಡರು ಫ್ಯಾನು ನೋಡುತ್ತಿದ್ದರು.

"ಇಡೀ ಬಸ್ಸಿನ ಮಂದಿ ನೋಡ್ತು."

"ಇಡೀ ಬಸ್ಸಲ್ಲ," ಎಂದರು ಗೌಡರು, "ಮುಂದಿನ ನಾಕ್ ಸೀಟಿನವರು ಅಷ್ಟ."

ಈ ವರ್ಷ ಮತ್ತೆ ಹೊರಟಿದ್ದರು. ಆದರೆ ಅವತ್ತಿನಿಂದ ಊರಿನ ಹಿರಿಯರೆಲ್ಲ ಸಮುದ್ರವನ್ನು ಬಸ್ಸಿನ ಕಿಟಕಿಯಿಂದ ನೋಡುವುದೆಂದು ತೀರ್ಮಾನಿಸಿದ್ದರಂತೆ. ನಾನು ಒಂದು ಪೈಜಾಮ ತೆಗೆದು ಅಂಗಡಿಯ ಕಬ್ಬಿಣದ ಕಂಬಕ್ಕೆ ಸುತ್ತಿ ಲಾಡಿ ಬಿಗಿದೆ. "ಜಗ್ಗಿ ನೋಡ್ರಿ," ಎಂದೆ. ಗುರಮ್ಮನವರು ಜಗ್ಗಿದರು. ಬರಲಿಲ್ಲ. ಮಹಾದೇವಿ ಸೆರಗು ಸಿಕ್ಕಿಸಿಕೊಂಡು ಅವರ ಜೊತೆ ಕೈ ಹಚ್ಚಿದಳು. ಅವಳು ಪೂರ್ತಿ ಬಲ ಹಾಕಿ ಎಳೆದದ್ದು ನನಗೆ ಕಾಣುತ್ತಿತ್ತು. ಒಂದು ವರ್ಷದ ಸಿಟ್ಟು ಅದರಲ್ಲಿತ್ತು. ಕಂಬ ಅಲುಗಿದಂತಾಯಿತೇ ಹೊರತು ಪೈಜಾಮ ಇಳಿಯಲಿಲ್ಲ.

ಗೌಡರು ಅಂಗಿಯನ್ನು ಕೈಗೆತ್ತಿಕೊಂಡರು. "ಈ ಕುಂಟಿ ಯಾಕರಿ ಇದರಾಗ?"

"ಕುಂಟಿ ಅಲ್ರಿ ಗೌಡ್ರ, ಲಂಗರು. ಹಡಗ ನೀರಿನ ಕೂಡ ಹೋಗದಂಗ ಹಿಡಕೊಂಡು ನಿಲ್ಲಸತೈತಿ."

ಗೌಡರು ಲಂಗರಿನ ಮೇಲೆ ಬೆರಳಾಡಿಸಿದರು. "ಹಂಗಾದ್ರ ಅಂಗಿನೂ ಇರಲಿ," ಎಂದರು.

ಮರುದಿನ ಇಜೇರಿಯಿಂದ ಒಂದು ಟಂಟಂ ಆಟೋ ತುಂಬ ಹಿರಿಯರು ಬಂದಿಳಿದರು. ಸಂಜೆಗೆ ರ‍್ಯಾಕು ಖಾಲಿ. ಒಬ್ಬರಿಗೆ ಕಡಿಮೆ ಬಿತ್ತು. ನನ್ನಷ್ಟೇ ಹೊಟ್ಟೆಯವರು, ಮುಖ ಸಣ್ಣ ಮಾಡಿಕೊಂಡು ನಿಂತಿದ್ದರು. ನಾನು ಉಟ್ಟಿದ್ದನ್ನೇ ಒಗೆದು ಇಸ್ತ್ರಿ ಮಾಡಿಸಿ ಬೆಳಿಗ್ಗೆಯ ಬಸ್ಸಿಗೆ ಕಳಿಸಿಕೊಟ್ಟೆ.

ಖುಷಿಪಡಬೇಕಿತ್ತು, ಆದರೆ ಅಂದಿನಿಂದ ಬೇರೆ ಭಯ. ತೆರೆಯ ಜಗ್ಗಾಟ ಎಷ್ಟಿರುತ್ತದೋ ನನಗೇನು ಗೊತ್ತು? ನಾನು ಸಮುದ್ರವನ್ನು ಕಂಡವನಲ್ಲ. ಒಂದು ಲಾಡಿ ಕಿತ್ತುಹೋದರೆ ಸಾಕು, ಗೌಡರ ಮರ್ಯಾದೆಯ ಹಿಂದೆ ನಮ್ಮ ಅಂಗಡಿಯ ಮರ್ಯಾದೆಯೂ ತೇಲಿಹೋಗುತ್ತದೆ. ಅವರು ಅಲ್ಲಿಗೆ ಮುಟ್ಟುವ ದಿನ ಗಿರಾಕಿ ಬ್ಲೌಸ್ ಪೀಸ್ ಕೇಳಿದರೆ ಕಂಬಳಿ ಕೊಟ್ಟೆ. ಮಧ್ಯಾಹ್ನ ಫೋನು ಬಂತು. ಗೌಡರ ನಂಬರು. ಕಿವಿಗಿಟ್ಟರೆ ಭೋರೆಂಬ ಸದ್ದು ಮಾತ್ರ. ಮಹಾದೇವಿ ಎದ್ದು ಬಂದು ಪಕ್ಕದಲ್ಲಿ ನಿಂತಳು. ಆ ಸದ್ದಿನ ನಡುವಿನಿಂದ ಗೌಡರ ಗಂಟಲು ಕೇಳಿಸಿತು:

"ಮಾಲಕರ! ಎದಿಮಟ ನೀರಾಗ ನಿಂತೇನ್ರಿ! ಎಲ್ಲಾ ಜಾಗಾದಾಗ ಐತಿ!"

ನಾನು ಫೋನನ್ನು ಮಹಾದೇವಿಯ ಕಿವಿಗೆ ಹಿಡಿದೆ. ಮಹಾದೇವಿ ಬಾಯಿಗೆ ಸೆರಗು ಹಚ್ಚಿ ನಕ್ಕು, ನಕ್ಕು, ಕಣ್ಣೊರೆಸಿಕೊಂಡಳು. "ಮುಂದಿನ ಖರೀದಿಗೂ ನೀವೇ ಹೋಗ್ರಿ. ಆದ್ರ ನಾನೂ ಬರ್ತೇನಿ," ಎಂದಳು. ಭಾವಮೈದುನನಿಗೆ ಅವಳೇ ಫೋನು ಮಾಡಿ ತಿಳಿಸಿದಳು. ಅಂದು ಮೂರು ರೊಟ್ಟಿ ಹೆಚ್ಚಿಗೆ ತಿಂದೆ.

ಯುಗಾದಿ ಕಳೆದ ಮೇಲೆ ಗುರಮ್ಮನವರು ಮತ್ತೆ ಬಂದರು. ಮುಖ ಬಿಗಿದಿತ್ತು. "ಏನ್ ಮಾಟ ಮಾಡೀರಿ ಅದಕ್ಕ? ನಮ್ಮವ್ರು ಅದನ್ನ ಮೈಮ್ಯಾಲಿಂದ ತೆಗ್ಯಾಕೇ ಒಲ್ಲರು. ಹೊಲಕ್ಕೂ ಅದೇ, ಬೀಗರ ಮನಿಗೂ ಅದೇ. ಅಂದೋಲಾ ಮಠಕ್ಕೂ ತೆಂಗಿನ ಗಿಡ ಹಾಕ್ಕೊಂಡೇ ಬಂದ್ರು. ಇನ್ನೊಂದ್ ಜೊತಿ ಕೇಳಿದ್ರ ಇಲ್ಲ ಅನ್ರಿ." ಇಲ್ಲ ಎನ್ನುವುದು ನನಗೆ ಕಷ್ಟವಾಗಲಿಲ್ಲ; ನಿಜವಾಗಿಯೂ ಇರಲಿಲ್ಲ.

ಈಗ ಇಜೇರಿಯ ಕಟ್ಟೆಯ ಮೇಲೆ ಸಂಜೆ ಹೊತ್ತು ಹಿರಿಯರೆಲ್ಲ ಸಡಿಲ ಪೈಜಾಮದಲ್ಲಿ ಕಾಲು ಚಾಚಿ ಕೂರುತ್ತಾರಂತೆ. ಜಿಎಸ್‌ಟಿ ಅವರಿಗೂ ಇಲ್ಲ. ನಾನಿಲ್ಲಿ ಹಳೆಯ ಪ್ಯಾಂಟಿಗೆ ಮರಳಿದ್ದೇನೆ. ವರ್ಷವಿಡೀ ಬಿಟ್ಟದ್ದಕ್ಕೆ ಅದು ಸಿಟ್ಟಾಗಿರಬೇಕು. ಗುಂಡಿ ಹಾಕಿದರೆ ಉಸಿರು ಆಡುವುದಿಲ್ಲ, ಉಸಿರು ಬಿಟ್ಟರೆ ಗುಂಡಿ ಹೋಗುತ್ತದೆ. ಇದನ್ನು ನಿಂತುಕೊಂಡೇ ಬರೆಯುತ್ತಿದ್ದೇನೆ.