ಕುಟ್ಟಾಣಿಗೆ ಬಿದ್ದ ಚಕ್ಕುಲಿ

ನಮ್ಮ ಯಜಮಾನರ ಉಬ್ಬುಹಲ್ಲಿನಿಂದ ನನಗೆಂದೂ ತೊಂದರೆಯಾಗಿರಲಿಲ್ಲ. ತೊಂದರೆ ಶುರುವಾದದ್ದು ಅದನ್ನು ಒಳಕ್ಕೆ ತಳ್ಳಲು ಹೊರಟಾಗ. ನಮ್ಮ ಮಗ್ಗದ ಸೀರೆ ಕೊಳ್ಳಲು ಬರುವ ಗಿರಾಕಿಗಳು ಸೀರೆ ನೋಡುವುದು ಬಿಟ್ಟು ತಮ್ಮ ಹಲ್ಲನ್ನೇ ನೋಡುತ್ತಾರೆಂದು ಕೊರಗಿ, ಬೆಂಗಳೂರಿನ ದಂಡು ಪ್ರದೇಶದ ಹಲ್ಲಿನ ಡಾಕ್ಟರ ಹತ್ತಿರ ಹೋಗಿ, ಹಲ್ಲಿಗೆಲ್ಲ ಜರಿಯಂಚಿನ ಹಾಗೆ ತಂತಿ ಕಟ್ಟಿಸಿಕೊಂಡು ದೊಡ್ಡಬಳ್ಳಾಪುರಕ್ಕೆ ಮರಳಿದರು.

"ಒಂದು ವರ್ಷ ಗಟ್ಟಿ ಪದಾರ್ಥ ಕಚ್ಚಬಾರ್ದಂತೆ ಕಣೇ."

"ಮುದ್ದೆ ಇದೆಯಲ್ರೀ. ಕಚ್ಚೋದೇ ಬೇಡ, ನುಂಗಿದ್ರಾಯ್ತು."

"ಊಟಕ್ಕೆ ಸರಿ. ಸಾಯಂಕಾಲದ ಚಕ್ಕುಲಿಗೇನ್ಮಾಡ್ಲಿ?"

"ಬಾಳೆಹಣ್ಣು ತಿನ್ನಿ."

"ಅದ್ರಲ್ಲಿ ಚಕ್ಕುಲಿ ರುಚಿ ಎಲ್ಲಿದೆಯೇ?"

ಅಲ್ಲಿಂದ ನನ್ನ ಮಹಾಯಜ್ಞ ಪ್ರಾರಂಭ. ಅಕ್ಕಿ, ಉದ್ದು ಬೀಸಿ ಹಿಟ್ಟು ಮಾಡಿದೆ. ಹಿಟ್ಟು ನಾದಿ, ಒತ್ತಿ, ಸುತ್ತಿ, ಕರಿದು ಚಕ್ಕುಲಿ ಮಾಡಿದೆ. ಆ ಚಕ್ಕುಲಿಯನ್ನು ಅತ್ತೆಯವರು ಎಲೆಅಡಿಕೆ ಕುಟ್ಟುವ ಕುಟ್ಟಾಣಿಯಲ್ಲಿ ಕುಟ್ಟಿ ಮತ್ತೆ ಹಿಟ್ಟು ಮಾಡಿದೆ. (ಭೂಮಿ ಗುಂಡಗಿದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕೆ?) ಮಧ್ಯಾಹ್ನದ ನನ್ನ ಒಂದು ಗಳಿಗೆ ನಿದ್ದೆಯೂ ಅದರಲ್ಲೇ ಪುಡಿಯಾಯಿತು.

ನಾಲ್ಕನೆಯ ದಿನ ಕುಟ್ಟಾಣಿಯನ್ನೂ ಚಕ್ಕುಲಿ ಡಬ್ಬವನ್ನೂ ಅವರ ಮುಂದೆಯೇ ಇಟ್ಟೆ. "ಹಲ್ಲು ನಿಮ್ದು. ಕುಟ್ಟೋದೂ ನಿಮ್ದೇ."

ಕುಟ್ಟಿದರು! ಜಗಲಿಯಲ್ಲಿ ಕೂತು ಮಗ್ಗದ ಲಯಕ್ಕೆ ಕುಟ್ಟಿದರು. ನಾನು ಒಳಗೆ ಚಾಪೆ ಹಾಸಿ ಚಕ್ರವರ್ತಿನಿಯ ಹಾಗೆ ಮಲಗಿದೆ.

ಎದ್ದು ಬಂದು ನೋಡಿದರೆ, ಹಲ್ಲಿಲ್ಲದೆ ಹತ್ತು ವರ್ಷದಿಂದ ಚಕ್ಕುಲಿಯ ಆಸೆಯನ್ನೇ ಬಿಟ್ಟಿದ್ದ ಅತ್ತೆ ಮಗನ ಮುಂದೆ ಬೊಗಸೆಯೊಡ್ಡಿ ಕೂತಿದ್ದರು. ಪಕ್ಕದಲ್ಲಿ, ಅವರಿಗಿಂತಲೂ ಬೋಳುಬಾಯಿಯ ಎದುರುಮನೆ ಸಪ್ಪಲಮ್ಮಜ್ಜಿ. ತಿಂಗಳು ಬರುತ್ತಿದ್ದ ಡಬ್ಬ ಬರಿದಾಗಿತ್ತು.

"ಹೆಂಡ್ತಿಗೆ ಕಷ್ಟ ಆಗ್ಬಾರ್ದು ಅಂತ ತಾನೇ ಕುಟ್ಕೊಂಡು ತಿಂತಾನಲ್ಲಮ್ಮ, ಚಿನ್ನದಂಥ ಗಂಡ!" ಎಂದರು ಅಜ್ಜಿ.

"ಹೂಂ ಕಣಕ್ಕ," ಎಂದರು ಅತ್ತೆ. "ರತ್ನಾ, ಎದ್ಯಾ? ನಾಳೆಗೆ ಇನ್ನೆರಡು ಸೇರು ಮಾಡು."

ಆಗ ನನಗೊಂದು ದಿವ್ಯ ಉಪಾಯ ಹೊಳೆಯಿತು. ಕೊನೆಗೂ ಹಿಟ್ಟೇ ಆಗುವುದಾದರೆ ನಡುವೆ ಚಕ್ಕುಲಿ ಯಾಕೆ? ಮರುದಿನ ಹಿಟ್ಟಿಗೆ ಎಳ್ಳು, ಜೀರಿಗೆ, ಉಪ್ಪು, ಖಾರ ಬೆರೆಸಿ, ಘಮ್ಮೆನ್ನುವಂತೆ ಹುರಿದು ಮೂರು ಬಟ್ಟಲಿಗೆ ಹಾಕಿಕೊಟ್ಟೆ. "ನಿಮಗ್ಯಾಕೆ ಶ್ರಮ ಅಂತ ನಾನೇ ಕುಟ್ಟಿಟ್ಟೆ."

ಅತ್ತೆ ಒಂದು ಚಿಟಿಕೆ ಬಾಯಿಗಿಟ್ಟು ಕಣ್ಣು ಮುಚ್ಚಿದರು. ನನ್ನ ವರ್ಷದ ಮಧ್ಯಾಹ್ನಗಳೆಲ್ಲ ಆ ನಾಲಿಗೆಯ ತುದಿಯಲ್ಲಿದ್ದವು.

"ರತ್ನಾ, ಇದನ್ನ ನೀನು ಸುತ್ತೇ ಇಲ್ಲ ಕಣೇ."

"ಪುಡೀಲಿ ಸುತ್ತು ಹೇಗೆ ಗೊತ್ತಾಗುತ್ತೆ, ಅತ್ತೆ?"

"ಹಲ್ಲಿರೋರಿಗೆ ಗೊತ್ತಾಗಲ್ಲ," ಎಂದರು ಸಪ್ಪಲಮ್ಮಜ್ಜಿ.

ಚಿನ್ನದಂಥ ಗಂಡ ತಂತಿ ಮಿಂಚುವ ಹಾಗೆ ನಕ್ಕು, ಖಾಲಿ ಕುಟ್ಟಾಣಿಯನ್ನು ಠಣ್ ಠಣ್ ಎಂದು ಬಡಿದರು.

ನಾನು ಮೊದಲು ಚಾಪೆ ಸುತ್ತಿಟ್ಟೆ. ಆಮೇಲೆ ಚಕ್ಕುಲಿ ಸುತ್ತಲು ಕೂತೆ.