ಆಕಾಶಮಾರ್ಗದಲ್ಲಿ ಗುರುಪಾದಪ್ಪನ ಟ್ರಿಪ್ಪು

ಮೊದಲು ವಿದ್ಯುದ್ದೇವಿಗೆ ವಂದನೆ. ಬರುವಾಗ ಹೇಳದವಳೂ ಹೋಗುವಾಗ ಕೇಳದವಳೂ ಆದ ಆ ತಂತಿನಿವಾಸಿನಿಯು, ಈ ಕಥೆ ಮುಗಿಯುವ ತನಕವಾದರೂ, ವೀರನಾರಾಯಣನು ನೆಲಸಿದ ಗದಗ ಪಟ್ಟಣದ ಮೇಲೆ, ಅದರಲ್ಲಿಯೂ ಹಿಟ್ಟಿನ ಗಿರಣಿಯ ಓಣಿಯ ಮೇಲೆ, ಪ್ರಸನ್ನಳಾಗಿರಲಿ. ಆಮೇಲೆ ಈ ಯುಗಕ್ಕೆ ವಂದನೆ. ಹಿಂದಿನ ಯುಗಗಳಲ್ಲಿ ಆಕಾಶಕ್ಕೆ ಏರಬೇಕಾದರೆ ಒಬ್ಬ ವೀರನು ಒಂಟಿಕಾಲಿನ ಮೇಲೆ ತಪಸ್ಸು ಮಾಡಬೇಕಾಯಿತು, ಇನ್ನೊಬ್ಬನು ಅಣ್ಣನ ವಿಮಾನವನ್ನೇ ಕಸಿಯಬೇಕಾಯಿತು. ಪಡಸಾಲೆಯಲ್ಲಿ ಲೋಡಿಗೆ ಒರಗಿ, ದವಡೆಯಲ್ಲಿ ಅಡಿಕೆಯ ಹೋಳೊಂದನ್ನು ಇಟ್ಟುಕೊಂಡೇ ನಕ್ಷತ್ರಲೋಕಕ್ಕೆ ನುಗ್ಗುವ ಭಾಗ್ಯವು ಈ ಕಲಿಯುಗದವರಿಗೆ ಮಾತ್ರ ಒದಗಿತು.

ಇಂಥ ಪುಣ್ಯಯುಗದಲ್ಲಿ ಗುರುಪಾದಪ್ಪನೆಂಬ ವೀರನಿದ್ದನು. ಷಟ್ಚಕ್ರರಥಸಾರಥಿ, ಕರ್ಕಶಗೇರುಮರ್ದನ, ಮಹಿಷೀವ್ಯೂಹಭೇದನ, ಗುಂಡಿಗಳ ಗರ್ವಭಂಜನ ಮುಂತಾದ ಬಿರುದುಗಳಿಗೆ ಅರ್ಹನಾಗಿದ್ದರೂ ‘ಡ್ರೈವರ್ ಗುರುಪಾದಪ್ಪ’ ಎಂಬ ಒಂದರಲ್ಲಿಯೇ ತೃಪ್ತನಾಗಿದ್ದ ಅವನು, ಗದಗದಿಂದ ಮುಳಗುಂದದ ಮೇಲೆ ಲಕ್ಷ್ಮೇಶ್ವರಕ್ಕೆ ಹೋಗುವ ಮಾರ್ಗದಲ್ಲಿ ತಾರುಣ್ಯವನ್ನು ಹತ್ತಿಸಿಕೊಂಡು ಮುಪ್ಪಿನ ಸ್ಟ್ಯಾಂಡಿನಲ್ಲಿ ಇಳಿಸಿದವನು. ಅವನ ರಥದ ಹಿಂಬಾಗಿಲಲ್ಲಿ ನಿಂತು, ಕೊರಳಿಗೆ ಕಟ್ಟಿದ ಸೀಟಿಯೊಂದರಿಂದಲೇ ಆ ರಥವನ್ನು ಆಳಿದವನು ಕಂಡಕ್ಟರ್ ಮೌಲಾಸಾಬ. ಒಂದು ಸೀಟಿಗೆ ನಿಲ್ಲಬೇಕು, ಎರಡು ಸೀಟಿಗೆ ಹೊರಡಬೇಕು. ಈ ಎರಡೇ ವಾಕ್ಯದ ವೇದವನ್ನು ಇಬ್ಬರೂ ಒಂದು ದಿನವೂ ಮೀರಿದವರಲ್ಲ. ನಿವೃತ್ತಿಯ ದಿನ ಡಿಪೋದವರು ಇಬ್ಬರಿಗೂ ಶಾಲು ಹೊದಿಸಿ, ಹಣ್ಣು ಕೊಟ್ಟು, ಕೈಮುಗಿದು ಕಳಿಸಿದರು. ಬಸ್ಸನ್ನು ಮಾತ್ರ ತಾವೇ ಇಟ್ಟುಕೊಂಡರು.

ಸ್ಟೇರಿಂಗು ಹೋದ ಮೇಲೆ ಕೈ ಏನು ಮಾಡೀತು. ಊಟಕ್ಕೆ ಕೂತಾಗ ಗಂಗಾಳವನ್ನು ಮೆಲ್ಲಗೆ ಎಡಕ್ಕೂ ಬಲಕ್ಕೂ ತಿರುಗಿಸುತ್ತಿತ್ತು. ಹೆಂಡತಿ ನೀಲವ್ವ ಅದನ್ನು ಕಂಡೂ ಕಾಣದವಳಂತೆ, ತಿರುಗುವ ಗಂಗಾಳಕ್ಕೇ ಗುರಿಯಿಟ್ಟು ಸಾರು ಬಡಿಸುವುದನ್ನು ಕಲಿತಿದ್ದಳು.

ಆ ಮನೆಯಲ್ಲಿ ರಥವೇ ಇರಲಿಲ್ಲವೆಂದಲ್ಲ. ಬ್ಯಾಂಕಿನಲ್ಲಿ ದುಡಿಯುವ ಸೊಸೆ ಸುಮಂಗಲಾ, ಕ್ಷೀರಸಾಗರದಂತೆ ಬೆಳ್ಳಗಿನ ಸೀಟುಗಳುಳ್ಳ ಕಾರೊಂದನ್ನು ತನ್ನ ಸಂಬಳದಲ್ಲಿ ಕೊಂಡಿದ್ದಳು. ಶ್ರಾವಣದಲ್ಲಿ ಒಮ್ಮೆ, ಬೀಗರನ್ನು ರೈಲಿಗೆ ಬಿಟ್ಟುಬರಲೆಂದು ಅದರ ಕೀಲಿಯನ್ನು ಮಾವನಿಗೆ ಕೊಟ್ಟಳು. ಬರುವ ದಾರಿಯಲ್ಲಿ ಬಸ್‌ಸ್ಟಾಪುಗಳಿದ್ದವು. ಸ್ಟಾಪುಗಳಲ್ಲಿ ಜನ ನಿಂತಿದ್ದರು. ಕೈ ಎತ್ತಿದರೆ ನಿಲ್ಲಿಸುವುದು, ನಿಲ್ಲಿಸಿದರೆ ಹತ್ತಿಸುವುದು ಗುರುಪಾದಪ್ಪನ ಕುಲಧರ್ಮ. ಕಾರು ಮನೆ ಮುಟ್ಟುವ ಹೊತ್ತಿಗೆ ಅದರಲ್ಲಿ ಮೆಂತ್ಯದ ಸೊಪ್ಪಿನ ಗಂಟು, ಎಲೆಯಡಿಕೆಯ ಕಲೆ ಮತ್ತು ಯಾರದೋ ಹುಂಜದ ಪುಕ್ಕ ಉಳಿದಿದ್ದವು. ಅಂದಿನಿಂದ ಕೀಲಿಯು ಸೊಸೆಯ ಕೈಚೀಲವೆಂಬ ದುರ್ಗಮ ದುರ್ಗವನ್ನು ಸೇರಿತು.

ಈಗ ಯುದ್ಧಕಾರಣವನ್ನು ಕೇಳಿರಿ. ಬರುವ ಭಾನುವಾರ ಲಕ್ಷ್ಮೇಶ್ವರದಲ್ಲಿ ಸುಮಂಗಲಾಳ ಅಕ್ಕನ ಕೂಸಿಗೆ ತೊಟ್ಟಿಲ ಕಾರ್ಯವಿತ್ತು. ಲಕ್ಷ್ಮೇಶ್ವರವೆಂಬ ಹೆಸರು ಕಿವಿಗೆ ಬಿದ್ದಂದಿನಿಂದ ಗುರುಪಾದಪ್ಪನ ಗಂಗಾಳವು ಒಂದು ಕಡೆ ನಿಂತದ್ದಿಲ್ಲ. ಆ ದಾರಿಯಲ್ಲಿ ಇನ್ನೊಂದು ಸಲ, ಒಂದೇ ಒಂದು ಸಲ, ತಾನು ಗಾಡಿ ಹೊಡೆಯಬೇಕೆಂಬುದು ಅವನ ಆಸೆ. ಶನಿವಾರ ಸಂಜೆ, ಚಹಾಕ್ಕೆ ಬಂದಿದ್ದ ಮೌಲಾಸಾಬನನ್ನು ಬೆಂಬಲಕ್ಕೆ ಕೂರಿಸಿಕೊಂಡು, ಅವನು ಸೊಸೆಯ ಬಳಿ ಮಾತು ತೆಗೆದನು.

ಸೊಸೆಯು ಆ ಹೊತ್ತು ಅಂತರಿಕ್ಷದಲ್ಲಿದ್ದಳು. ತವರಿನಿಂದ ಬರುವಾಗ ಪಾತ್ರೆ, ಕಪಾಟುಗಳ ಜೊತೆಗೆ ಟೀವಿಗೆ ಹಚ್ಚುವ ಆಟದ ಪೆಟ್ಟಿಗೆಯೊಂದನ್ನೂ ತಂದಿದ್ದ ಧೀರೆ ಆಕೆ. ಐದು ಕಂತುಗಳಲ್ಲಿ ಬಂದು ಜಗತ್ತನ್ನು ಗೆದ್ದ ಇಂಗ್ಲಿಷ್ ಸಿನಿಮಾವೊಂದನ್ನು ಹಿಡಿದು ಮಾಡಿದ ಆಟವದು. ಹೆಸರು ನಾಲಿಗೆಗೆ ಹೊರಳದ್ದರಿಂದ ನೀಲವ್ವ ಅದನ್ನು, ನಕ್ಷತ್ರಗಳ ಆಟವೆಂಬ ಅರ್ಥದಲ್ಲಿ, ‘ಚಿಕ್ಕಿ ಆಟ’ ಎನ್ನುತ್ತಿದ್ದಳು. ಸುಟ್ಟುಹೋದ ಲೋಕವೊಂದರಿಂದ ಓಡಿಬಂದ ನಿರಾಶ್ರಿತರನ್ನು ನೌಕೆಯಲ್ಲಿ ತುಂಬಿಕೊಂಡು, ಬಂಡೆಗಳು ತೇಲುವ ಕತ್ತಲನ್ನು ದಾಟಿ, ದುಷ್ಟ ಚಕ್ರವರ್ತಿಯ ಕರಿಯ ನೌಕಾಪಡೆಯ ಗುಂಡುಗಳನ್ನು ತಪ್ಪಿಸಿ, ಹಸಿರು ಲೋಕದ ಹೆಬ್ಬಾಗಿಲನ್ನು ಸೇರುವುದು ಅದರ ಮೂರನೆಯ ಹಂತ. ಒಬ್ಬರು ನಡೆಸಬೇಕು, ಒಬ್ಬರು ಗುಂಡು ಹಾರಿಸಬೇಕು.

ಮಾವನ ಬೇಡಿಕೆಯನ್ನು ಕೇಳಿದ ಸುಮಂಗಲಾ ಆಟ ನಿಲ್ಲಿಸಿ, ಹುಂಜದ ಪುಕ್ಕವನ್ನು ಮನಸ್ಸಿನಲ್ಲಿ ನೆನೆದು, ನಗುತ್ತ ಪಣ ಒಡ್ಡಿದಳು.

“ಮಾವಾರ, ಈ ಮೂರನೇ ಹಂತ ದಾಟಿಸ್ರಿ. ನಾಳೆ ಗಾಡಿ ನೀವ ಹೊಡೀರಿ. ದಾಟ್ಲಿಲ್ಲಂದ್ರ ಹಿಂದ ಕುಂದರಬೇಕು. ಕುಂತು, ‘ಬ್ರೇಕ್ ಹಾಕವಾ, ಹಾರ್ನ್ ಹೊಡೀಯವಾ’ ಅಂತ ಒಂದು ಮಾತು ಅನ್ನಂಗಿಲ್ಲ.”

ಶಿರಶ್ಛೇದಕ್ಕಾದರೂ ಒಪ್ಪಬಹುದಾದ ವೀರನಿಗೆ ಈ ಎರಡನೆಯ ಶರತ್ತು ಎದೆ ನಡುಗಿಸಿತು. ಆದರೂ ಅವನು ಎದ್ದುನಿಂತು ಅಂಗಿಯ ತೋಳೇರಿಸಿದನು. ‘ಎಲೌ ಸೊಸೆಯೇ, ಕಾರಹುಣ್ಣಿಮೆಯ ಮಳೆಯಲ್ಲಿ ಕೊಚ್ಚಿಹೋದ ಸೇತುವೆಯ ಅಂಚಿನಲ್ಲಿ ಒಂದು ಗಾಲಿಯನ್ನು ಗಾಳಿಯ ಮೇಲೆಯೇ ಉರುಳಿಸಿ ಮದುವೆಯ ದಿಬ್ಬಣವನ್ನು ದಾಟಿಸಿದ ನನಗೆ, ಗುಂಡಿಯಿಲ್ಲದ, ಎಮ್ಮೆಯಿಲ್ಲದ, ಎದುರಿಗೆ ಕಬ್ಬಿನ ಟ್ರ್ಯಾಕ್ಟರಿಲ್ಲದ ಈ ಆಕಾಶಮಾರ್ಗವು ಯಾವ ಲೆಕ್ಕ. ನಿನ್ನ ಚಕ್ರವರ್ತಿಗೆ ಹೇಳು, ಸೈಡು ಬಿಡಲಿ’ ಎಂದು ಅವನ ಮುಖವು ಗರ್ಜಿಸಿತು. ಬಾಯಿ ಹೇಳಿದ್ದು ಇಷ್ಟೇ:

“ಈ ಗಾಡಿಗೆ ಬ್ರೇಕ್ ಎಲ್ಲೈತಿ, ಅದನ್ನ ಮೊದ್ಲ ತೋರ್ಸವಾ.”

ಸುಮಂಗಲಾ ಜಾಯ್‌ಸ್ಟಿಕ್ಕಿನ ಎಡಗುಂಡಿಯನ್ನು ತೋರಿಸಿದಳು. ಈ ಆಟದಲ್ಲಿ ಯಾರೂ ಅದನ್ನು ಒತ್ತುವುದಿಲ್ಲವೆಂದೂ ಹೇಳಿದಳು. ಗುರುಪಾದಪ್ಪನು ಹೆಬ್ಬೆರಳನ್ನು ಅದರ ಮೇಲೆಯೇ ಇಟ್ಟುಕೊಂಡನು. ಇನ್ನೊಂದು ಜಾಯ್‌ಸ್ಟಿಕ್ಕನ್ನು ಮೌಲಾಸಾಬ ಹಿಡಿದನು. ಬಸ್ಸಿಗೆ ಮಾಡುತ್ತಿದ್ದಂತೆಯೇ ಟೀವಿಯ ಮುಂದೆ ಊದಿನಕಡ್ಡಿ ಹಚ್ಚಿ ನಮಸ್ಕರಿಸಿ ಸಾರಥಿಯು ಹೊರಟನು.

ಅಹಹ, ಆ ಪ್ರಯಾಣವನ್ನು ಹೇಗೆ ವರ್ಣಿಸಲಿ. ಉಲ್ಕೆಗಳು ಉರಿಯುತ್ತಿರಲು, ಧೂಮಕೇತುಗಳು ಬಾಲ ಬಡಿಯುತ್ತಿರಲು, ಕಾಣದ ಕತ್ತಲಿನಿಂದ ಶತ್ರುವಿನ ಮೊದಲ ಯುದ್ಧನೌಕೆಯು ವಜ್ರದಂತೆ ಎರಗಿ ಬರುತ್ತಿರಲು, ಗುರುಪಾದಪ್ಪನು ಅದಕ್ಕೆ ಬಲಗೈ ಎತ್ತಿ ನಮಸ್ಕಾರ ಹೇಳಿದನು. ಎದುರಿನಿಂದ ಬರುವ ಡ್ರೈವರನಿಗೆ ಕೈ ಎತ್ತುವುದು ಮಾರ್ಗದ ಮರ್ಯಾದೆ. ಶತ್ರುವಿಗೆ ಆ ಮರ್ಯಾದೆ ತಿಳಿದಿರಲಿಲ್ಲವಾಗಿ ಗುಂಡು ಹಾರಿಸಿದನು. ನೌಕೆಯ ಬಲರೆಕ್ಕೆ ಹೊತ್ತಿಕೊಂಡಿತು.

“ಖಾಸಗಿ ಗಾಡಿ ಇರಬೇಕ್ರಿ ಡ್ರೈವರ್ ಸಾಹೇಬ್ರ,” ಎಂದನು ಮೌಲಾಸಾಬ, ನೊಂದುಕೊಂಡು. ಆಮೇಲೆ ಅವನು ಗುಂಡಿನ ಗುಂಡಿಯನ್ನು ಒತ್ತಿದ ಪರಿಯನ್ನು, ಹಬ್ಬದ ಗದ್ದಲದಲ್ಲಿ ಅವನ ಕೈಯ ಟಿಕೇಟು ಹರಿಯುವ ವೇಗವನ್ನು ಕಂಡವರು ಮಾತ್ರ ಊಹಿಸಬಲ್ಲರು. ಮುಂದಿನವನಿಗೊಂದು, ಹಿಂದಿನವನಿಗೊಂದು, ಮೂಲೆಯಲ್ಲಿ ಅಡಗಿದವನಿಗೊಂದು, ಯಾರನ್ನೂ ಬಿಡಲಿಲ್ಲ.

ನಡುದಾರಿಯಲ್ಲಿ ಎರಡು ಮಹಾಬಂಡೆಗಳು ಮುಂದಿನಿಂದ ಹತ್ತಿರವಾಗಿ ದಾರಿ ಮುಚ್ಚಿದವು. ಸುಮಂಗಲಾ ‘ಮುಗೀತು’ ಎನ್ನುವುದರೊಳಗೆ, ಯಾವ ಸಿನಿಮಾದ ಯಾವ ವೀರನೂ ಕನಸಿನಲ್ಲಿ ಕಾಣದ ಸಾಹಸಕ್ಕೆ ಗುರುಪಾದಪ್ಪನು ಕೈಹಾಕಿದನು. ನೌಕೆಯನ್ನು ರಿವರ್ಸ್ ತೆಗೆದನು. ಮೌಲಾಸಾಬನು ಗುಂಡು ಹಾರಿಸುವುದನ್ನು ಬಿಟ್ಟು, ಎದ್ದು ಟೀವಿಯ ಪಕ್ಕಕ್ಕೆ ಹೋಗಿ, ಬಂಡೆಗಳ ಸಂದನ್ನು ಇಣುಕಿ ನೋಡಿ ಅಂಗೈ ಬೀಸತೊಡಗಿದನು.

“ಬರ್ಲಿ, ಬರ್ಲಿ, ಬರ್ಲಿ. ಎಡಕ್ಕ ಸ್ವಲ್ಪ. ಬರ್ಲಿ. ಹೋಲ್ಡಾನ್.”

ಕೂದಲೆಳೆಯಷ್ಟು ಅಂತರದಲ್ಲಿ ನೌಕೆಯು ಹಿಂದಕ್ಕೆ ಸರಿದು, ತಿರುಗಿ, ಬೇರೆ ಸಂದಿನಿಂದ ಹೊರಬಿದ್ದಿತು. ಸುಮಂಗಲಾ ನಗುವುದನ್ನು ಮರೆತು ಮುಂದಕ್ಕೆ ಬಾಗಿದಳು. ಅವಳ ಕೈಯಲ್ಲಿದ್ದ ಚಹಾ ತಣ್ಣಗಾಯಿತು.

ಈಗ ಎದುರಿಗೆ ಚಕ್ರವರ್ತಿಯ ಮಹಾನೌಕೆ, ಬೋರಲು ಹಾಕಿದ ರೊಟ್ಟಿಯ ಹಂಚಿನಂತೆ ಆಕಾಶವನ್ನು ಮುಚ್ಚಿತ್ತು. ಅದರ ಕೆಳಗೆ ನುಸುಳಿದರೆ ಆಚೆ ಹಸಿರು ಲೋಕ. ಗುರುಪಾದಪ್ಪನು ನುಸುಳಿದನು. ಬಾಗಿಲು ಕಂಡಿತು. ಬಾಗಿಲು ತೆರೆಯಿತು. ಆ ಬಾಗಿಲಿನಾಚೆ ಅವನ ಕಣ್ಣಿಗೆ ಕಂಡದ್ದು ಯಾವ ಲೋಕವೂ ಅಲ್ಲ. ಮುಳಗುಂದದ ತಿರುವು, ಅದರ ಬೇವಿನ ಸಾಲು, ನಾಳೆಯ ಬೆಳಗಿನ ಬಿಸಿಲು. ಇನ್ನೊಂದು ಮಾರು. ಇನ್ನೊಂದು ಗೇಣು.

ಆಗ, ಅಗ್ನಿಪೀಠಸ್ಥಿತೆಯೂ ಬಾಷ್ಪಗರ್ಭೆಯೂ ತೊಗರಿಬೇಳೆಯನ್ನು ಒಡಲಲ್ಲಿ ಹೊತ್ತವಳೂ ಆದ ನೀಲವ್ವನ ಕುಕ್ಕರು ಅಡುಗೆಮನೆಯಿಂದ ಸೀಟಿ ಹೊಡೆಯಿತು.

ಒಂದು ಸೀಟಿ.

ವೀರನ ಬಲಗಾಲು ನೆಲವನ್ನು ಒದೆಯಿತು. ಎಡಗೈಯ ಹೆಬ್ಬೆರಳು ಗುಂಡಿಯನ್ನು ಒತ್ತಿತು. ಕೋಟಿಯೋಜನವೇಗದಲ್ಲಿ ಧಾವಿಸುತ್ತಿದ್ದ ನೌಕೆಯು, ತೆರೆದ ಹೆಬ್ಬಾಗಿಲಿನ ಹೊಸ್ತಿಲಲ್ಲಿ, ಒಂದು ಕುಲುಕೂ ಇಲ್ಲದೆ, ಗರ್ಭಿಣಿಯರೂ ಮೆಚ್ಚುವಷ್ಟು ನಯವಾಗಿ ನಿಂತಿತು. ಮೌಲಾಸಾಬನು ಇಳಿಯುವವರು ಯಾರೆಂದು ಹಿಂತಿರುಗಿ ನೋಡಿದನು. ಯಾರೂ ಇಳಿಯಲಿಲ್ಲ. ಚಕ್ರವರ್ತಿಯು ಇಂಥ ಗುರಿಯನ್ನು ಜನ್ಮದಲ್ಲಿ ಕಂಡಿರಲಿಲ್ಲ. ನಿಧಾನವಾಗಿ ಗುರಿಯಿಟ್ಟು, ಒಂದೇ ಗುಂಡಿಗೆ ನೌಕೆಯನ್ನು ಬೂದಿ ಮಾಡಿದನು.

ಬೂದಿಯು ಹಾರಿ ಮುಗಿದ ಮೇಲೆ ಕುಕ್ಕರು ಎರಡು ಸೀಟಿ ಹೊಡೆದು ಹೊರಡಲು ಅಪ್ಪಣೆ ಕೊಟ್ಟಿತು.

ಸುಮಂಗಲಾ ನಗಬೇಕೆಂದು ಮಾವನ ಕಡೆ ತಿರುಗಿದವಳು ನಗಲಿಲ್ಲ. ಟೀವಿ ಕಪ್ಪಾಗಿತ್ತು, ಆದರೆ ಗುರುಪಾದಪ್ಪನ ಕೈಗಳು ಜಾಯ್‌ಸ್ಟಿಕ್ಕನ್ನು ಹಿಡಿದು ಮೆಲ್ಲಗೆ ಎಡಕ್ಕೂ ಬಲಕ್ಕೂ ತಿರುಗಿಸುತ್ತಿದ್ದವು, ಊಟದ ಗಂಗಾಳವನ್ನು ತಿರುಗಿಸಿದ ಹಾಗೆ. ಅವನು ಹಿಂದಿನ ಸೀಟಿನಲ್ಲಿ ಬಾಯಿ ಮುಚ್ಚಿ ಕೂರುವುದಕ್ಕೆ ಆಗಲೇ ಅಭ್ಯಾಸ ಮಾಡುತ್ತಿರುವಂತೆ ಕಂಡಿತು. ಬಾಗಿಲಲ್ಲಿ ನಿಂತಿದ್ದ ನೀಲವ್ವ ಸೊಸೆಯನ್ನು ನೋಡಿದಳು. ಆಮೇಲೆ, ಯಾರಿಗೆಂದಲ್ಲದೆ, ರಾತ್ರಿಯ ರೊಟ್ಟಿಗೆ ಹಿಟ್ಟಿಲ್ಲ, ಜೋಳದ ಡಬ್ಬಿ ಬೆಳಗಿನಿಂದ ಗಿರಣಿಯಲ್ಲಿಯೇ ಕೂತಿದೆ, ಅಷ್ಟು ಭಾರದ್ದನ್ನು ಯಾರು ಹೊತ್ತು ತರಬೇಕು ಎಂದಳು.

ಸುಮಂಗಲಾ ಕೈಚೀಲದೊಳಗೆ ಕೈ ಹಾಕಿದಳು.

“ಗಿರಣಿ ತನಕ ಅಷ್ಟರೀ ಮಾವಾರ. ದಾರ್ಯಾಗ ಯಾರನ್ನೂ ಹತ್ತಿಸ್ಕೊಳ್ಳಂಗಿಲ್ಲ.”

ಹೀಗೆ ಗ್ಯಾಲಕ್ಸಿಗಳನ್ನು ದಾಟಲು ಹೊರಟಿದ್ದ ಸಾರಥಿಯು ಓಣಿಯ ತುದಿಯ ಹಿಟ್ಟಿನ ಗಿರಣಿಗೆ ದಂಡಯಾತ್ರೆ ಹೊರಟನು. ಮೌಲಾಸಾಬನು ಹಿಂದಿನ ಸೀಟಿನಲ್ಲಿ ಕೂತು, ಕೊರಳಿನ ಹಳೆಯ ಸೀಟಿಯನ್ನು ಬಾಯಿಗಿಟ್ಟು ಎರಡು ಸೀಟಿ ಊದಿದನು. ಕಾರು ರಾಜಗಾಂಭೀರ್ಯದಿಂದ, ಸೈಕಲ್ಲುಗಳಿಗೆ ದಾರಿ ಬಿಡುತ್ತ, ಅಡ್ಡ ಬಂದ ನಾಯಿಗೆ ಕಾಯುತ್ತ, ಬಸ್ಸು ತಿರುಗುವಷ್ಟು ದೊಡ್ಡ ತಿರುವು ಹಾಕಿಕೊಂಡು ಗಿರಣಿಯ ಮುಂದೆ ನಿಂತಿತು.

ಅಲ್ಲಿ, ಬೆಳಗಿನಿಂದ ಹೋಗಿ ಮಧ್ಯಾಹ್ನದ ಮೇಲೆ ಬಂದಿದ್ದ ಕರೆಂಟಿನಲ್ಲಿ ಹಿಟ್ಟು ಬೀಸಿಸಿಕೊಂಡ ಓಣಿಯ ಹೆಂಗಸರು, ಬಿಸಿ ಡಬ್ಬಿಗಳನ್ನು ತಲೆಗೆ ಏರಿಸಿಕೊಳ್ಳಲು ಒಬ್ಬರಿಗೊಬ್ಬರು ಕೈಕೊಡುತ್ತಿದ್ದರು. ಅವರಲ್ಲಿ ಮುದುಕಿ ಶಂಕ್ರವ್ವ ಕಾರನ್ನು ನೋಡಿದಳು. ಕೈ ಎತ್ತಿದಳು.

ಗುರುಪಾದಪ್ಪನು ಸ್ಟೇರಿಂಗನ್ನು ನೋಡಿದನು. ಆಕಾಶವನ್ನು ನೋಡಿದನು. ಕೊನೆಗೆ ಕನ್ನಡಿಯಲ್ಲಿ ಕಂಡಕ್ಟರನನ್ನು ನೋಡಿದನು. ಧರ್ಮಸೂಕ್ಷ್ಮವನ್ನು ಬಿಡಿಸಿ ಹೇಳುವುದರಲ್ಲಿ ಮೌಲಾಸಾಬನಿಗೆ ಸಮನಿಲ್ಲ.

“ಸುಮಂಗಲವ್ವ ಗಿರಣಿ ತನಕ ಅಂದಾರ್ರಿ. ಅದು ಹೋಗೋ ಟ್ರಿಪ್ಪಿಗೆ. ಬರೋ ಟ್ರಿಪ್ಪಿಗೆ ಏನೂ ಹೇಳಿಲ್ಲ.”

ಸಂಜೆಯ ಬೆಳಕಿನಲ್ಲಿ ಗೇಟಿನ ಬಳಿ ಕೈಕಟ್ಟಿ ನಿಂತಿದ್ದ ಸುಮಂಗಲಾ ತನ್ನ ಕ್ಷೀರಸಾಗರವು ಮರಳಿ ಬರುವುದನ್ನು ಕಂಡಳು. ಒಂದೊಂದು ಮನೆಯ ಮುಂದೆ ಅದು ನಿಲ್ಲುತ್ತಿತ್ತು. ಒಂದು ಸೀಟಿ ಕೇಳುತ್ತಿತ್ತು. ಒಬ್ಬೊಬ್ಬ ಹೆಂಗಸು ಡಬ್ಬಿಯೊಂದಿಗೆ ಇಳಿಯುತ್ತಿದ್ದಳು. ಎರಡು ಸೀಟಿ ಕೇಳುತ್ತಿತ್ತು. ಕೊನೆಗೆ ಇಳಿದ ಶಂಕ್ರವ್ವ ಸುಮಂಗಲಾಳ ಗಲ್ಲವನ್ನು ಹಿಟ್ಟಿನ ಕೈಯಿಂದ ಸವರಿ, ನಿನ್ನ ಗಾಡಿ ಹೂವಿನಂಗ ಬಂತವಾ ಎಂದು ಹರಸಿ ಹೋದಳು. ಒಳಗೆ ಸೀಟುಗಳ ಮೇಲೆ, ನೆಲದ ಮೇಲೆ, ಕನ್ನಡಿಯ ಮೇಲೆ, ಮೌಲಾಸಾಬನ ಗಡ್ಡದ ಮೇಲೆ, ಎಲ್ಲೆಲ್ಲೂ ಜೋಳದ ಹಿಟ್ಟು ಹಾಲುಹಾದಿಯಂತೆ ಹರಡಿತ್ತು.

ಗುರುಪಾದಪ್ಪನು ತಲೆ ತಗ್ಗಿಸಿ ಇಳಿದು ಕೀಲಿಯನ್ನು ಮುಂದೆ ಹಿಡಿದನು. ಸುಮಂಗಲಾ ಅದನ್ನು ತೆಗೆದುಕೊಳ್ಳಲಿಲ್ಲ. ಗಲ್ಲದ ಹಿಟ್ಟನ್ನು ಸೆರಗಿನಿಂದ ಒರೆಸಿಕೊಂಡು, ಒಳಗೆ ಹೋಗಿ, ಬಕೆಟ್ಟಿನಲ್ಲಿ ನೀರನ್ನೂ ಒಂದು ಹಳೆಯ ಬನಿಯನ್ನನ್ನೂ ತಂದು ಅವನ ಕಾಲ ಬಳಿ ಇಟ್ಟಳು.

“ಸೀಟು ಒರಸಿದವ್ರು ನಾಳೆ ಗಾಡಿ ಹೊಡೀಬೇಕು,” ಎಂದಳು. “ಹಿಂದ ಕುಂತು ನಿದ್ದಿ ಮಾಡಾಕ ನನಗೂ ಒಂದು ದಿನ ಬೇಕ್ರಿ. ನಿಂದ್ರಸೂದಿದ್ರ ಮೆಲ್ಲಕ ನಿಂದ್ರಸ್ರಿ, ಎಚ್ಚರ ಆಗಬಾರ್ದು.”

ಷಟ್ಚಕ್ರರಥಸಾರಥಿ, ಮಹಿಷೀವ್ಯೂಹಭೇದನ, ಉಲ್ಕಾಸಂಕಟದಲ್ಲಿ ರಿವರ್ಸ್ ತೆಗೆದ ಏಕೈಕ ವೀರನಾದ ಗುರುಪಾದಪ್ಪನು ಪಂಚೆಯನ್ನು ಮಡಿಚಿ ಕಟ್ಟಿ, ಒದ್ದೆ ಬನಿಯನ್ನನ್ನು ಹಿಂಡಿ ಕೈಯಲ್ಲಿ ಹಿಡಿದನು. ಮೌಲಾಸಾಬನು ಎರಡು ಸೀಟಿ ಊದಿದನು. ಗುರುಪಾದಪ್ಪನು ಒರೆಸತೊಡಗಿದನು.