ಸರೋಜಾ ಮಾಮಿಯ ಹಿತ್ತಿಲಿನಲ್ಲಿ ನಂಜೈ, ಪುಂಜೈ

ನೆಲ ನೋಡಿದ ಕೂಡಲೇ ಅದರ ದರ್ಜೆ ಹೇಳಬಲ್ಲೆ ಎಂಬ ನಂಬಿಕೆ ನನಗಿತ್ತು. ಓದಿದ್ದು ಹೈಸ್ಕೂಲು. ಆದರೆ ಹೊಸೂರಿನ ಪತ್ರಬರಹಗಾರರ ಬಳಿ ಹನ್ನೆರಡು ವರ್ಷ ಗುಮಾಸ್ತನಾಗಿ ತಮಿಳರ ಕ್ರಯಪತ್ರಗಳನ್ನು ನಕಲು ಮಾಡಿದ್ದೆ. ಕೆರೆ, ಕಾಲುವೆಯ ನೀರುಣ್ಣುವ ಗದ್ದೆ ನಂಜೈ. ಮಳೆಯನ್ನೇ ನಂಬಿದ ಹೊಲ ಪುಂಜೈ. ನಂಜೈಗೆ ಬೆಲೆ ಹೆಚ್ಚು. ಇನ್ನೇನು ಬೇಕು?

ಮಗಳ ಜೊತೆ ಅಮೆರಿಕದ ಸ್ಟಾಫರ್ಡ್‌ನಲ್ಲಿದ್ದೆವು. ೨೦೦೩ರ ಮಾರ್ಚ್. ಪಕ್ಕದ ಮನೆಯ ಸರೋಜಾ ಮಾಮಿ, ಬೆಂಗಳೂರಿನಲ್ಲಿ ಬೆಳೆದ ತಮಿಳರು, ಕರಿಬೇವಿನ ಕುಂಡವನ್ನು ಗರಾಜಿನಿಂದ ಹೊರಗೆ ಎಳೆಯುತ್ತಿದ್ದರು. ಐದು ಚಳಿಗಾಲ ಕಾಪಾಡಿದ ಗಿಡ. ನಮ್ಮ ಬೀದಿಯ ಎಲ್ಲರ ಸಾರಿಗೂ ಅದರದೇ ಒಗ್ಗರಣೆ.

"ಅಣ್ಣಾ, ಈ ಸಲ ನೆಲಕ್ಕೇ ಹಾಕೋಣ ಅಂತಿದ್ದೀನಿ. ಎಲ್ಲಿ ಹಾಕಲಿ?"

ಹಿತ್ತಿಲನ್ನು ಒಂದು ಸುತ್ತು ಹಾಕಿ, ಎಡಗಡೆಯ ಒದ್ದೆ ಮಣ್ಣನ್ನು ಹಿಡಿಯಲ್ಲಿ ಹಿಸುಕಿ ಘೋಷಿಸಿದೆ. "ಇದು ನಂಜೈ. ಇಲ್ಲೇ."

ನನ್ನ ಹೆಂಡತಿ ವಿಶಾಲು ಬೇಲಿಯಾಚೆಯಿಂದ ಕೂಗಿದಳು. "ರೀ, ಮಳೆಯಾಗಿ ಹದಿನೈದು ದಿನ ಆಯ್ತು. ಅಲ್ಲಿಗೆ ನೀರು ಎಲ್ಲಿಂದ ಬಂತು?"

"ಅಂತರ್ಜಲ" ಎಂದೆ.

ಎರಡೇ ವಾರದಲ್ಲಿ ಎಲೆ ಹಳದಿಯಾಯಿತು. ಮಾಮಿಯ ಅಳಿಯ ಬಂದು ನೆಲ ಅಗೆದ. ನನ್ನ ಅಂತರ್ಜಲ, ಒಡೆದ ಸ್ಪ್ರಿಂಕ್ಲರ್ ಪೈಪು! ಅವನು ರಿಪೇರಿ ಮಾಡಿದ. ನನ್ನ ನಂಜೈ ನಾಲ್ಕೇ ದಿನದಲ್ಲಿ ಬಿರುಕು ಬಿಟ್ಟಿತು.

ನಾನು ಸೋಲಲಿಲ್ಲ. "ಮಾಮಿ, ಕರಿಬೇವಿಗೆ ಪುಂಜೈಯೇ ಸರಿ" ಎಂದು ಗಿಡ ಕಿತ್ತು, ಬಲಗಡೆ ಸೂರಿನ ಕೆಳಗೆ ಒಣಗಿದ ಜಾಗದಲ್ಲಿ ನೆಟ್ಟೆ. ಮರುದಿನ ಗುಡುಗು ಮಳೆ. ಇಡೀ ಛಾವಣಿಯ ನೀರು ಅಲ್ಲಿಗೇ ಸುರಿಯಿತು. ಜೇಡಿಮಣ್ಣು ಮೂರು ದಿನ ನೀರು ಬಿಡಲಿಲ್ಲ. ಈಗ ಪುಂಜೈ ಕೆರೆಯಾಗಿತ್ತು, ನಂಜೈ ಬರಡಾಗಿತ್ತು. ಯಾವುದು ಯಾವುದೆಂದು ನನಗೇ ಗೊತ್ತಾಗದೆ ನಡುವೆ ನಿಂತೆ. ಗಿಡ ಕಡ್ಡಿಯಾಗಿತ್ತು.

"ನಿಮಗೆ ಊರಲ್ಲಿ ಎಷ್ಟು ಎಕರೆ ಇತ್ತಣ್ಣಾ?" ಮಾಮಿ ಮೆಲ್ಲಗೆ ಕೇಳಿದರು.

"ಏನೂ ಇರಲಿಲ್ಲ ಮಾಮಿ. ಬಾಡಿಗೆ ಮನೆ. ಬರೀ ಬರೆದು ಗೊತ್ತು. ತಪ್ಪಾಯ್ತು."

ಅವರು ಕಡ್ಡಿಯನ್ನು ಕಿತ್ತು ಸೆರಗಿನಲ್ಲಿ ಒರೆಸಿದರು. ಆಮೇಲೆ, "ಹೋಗ್ಲಿ ಬಿಡಿ, ಕಾಫಿ ಕುಡೀತೀರಾ?" ಎಂದರು. ಬೈದಿದ್ದರೆ ವಾಸಿಯಿತ್ತು.

ಮುಂದಿನ ವರ್ಷ ಮಾಮಿ ಹೊಸ ಸಸಿ ತಂದು ಕುಂಡದಲ್ಲೇ ನೆಟ್ಟರು. ಈಗಲೂ ನನ್ನನ್ನು ಪ್ರೀತಿಯಿಂದಲೇ ಒಳಗೆ ಕರೆಯುತ್ತಾರೆ. ಆದರೆ ನಾನು ಬೆಲ್ ಒತ್ತಿದರೆ ಮೊದಲು ಕುಂಡ ಒಳಗೆ ಹೋಗುತ್ತದೆ, ಆಮೇಲೆ ನಾನು.